ಗಟ್ಟಿ ಗಂಟು, ಮೆತ್ತನೆಯ ಕೋಶ

ನಮ್ಮ ಮೊಹಲ್ಲಾದ ಹೆಂಗಸರಲ್ಲಿ ಒಂದು ಮಾತು ಬಹಳ ಹಿಂದಿನಿಂದ ಚಾಲ್ತಿಯಲ್ಲಿದೆ: 'ಗಾಂಠ್ ಕೂ ಛೇಡೋ ನಕ್ಕೋ.' ಗಂಟನ್ನು ಕೆಣಕಬೇಡಿ. ಎದೆಯಲ್ಲೋ ಕುತ್ತಿಗೆಯಲ್ಲೋ ಗಂಟೊಂದು ಕಾಣಿಸಿಕೊಂಡು, ಅದು ನೋಯದೆ ತನ್ನ ಪಾಡಿಗೆ ತಾನಿದ್ದರೆ, ಮಲಗಿದೆ ಎಂದರ್ಥ. ಡಾಕ್ಟರು ಸೂಜಿ ಚುಚ್ಚಿದರೆ ಎಚ್ಚರಗೊಳ್ಳುತ್ತದೆ, ಕತ್ತರಿ ತಾಗಿಸಿದರೆ ಮೈತುಂಬ ಓಡಾಡುತ್ತದೆ. ಇದು ಮುಸಲ್ಮಾನರ ಮನೆಗಳ ನಂಬಿಕೆ ಮಾತ್ರ ಎಂದು ಯಾರೂ ತಿಳಿಯಬೇಕಿಲ್ಲ. ನಮ್ಮ ಹಿಂದಿನ ಬೀದಿಯ ಲಿಂಗಾಯತರ ಮನೆಯಲ್ಲೂ, ಚರ್ಚಿನ ಪಕ್ಕದ ಮನೆಗಳಲ್ಲೂ ಇದೇ ಮಾತು ಬೇರೆ ಬೇರೆ ಪದಗಳಲ್ಲಿ ಕೇಳಿಬರುತ್ತದೆ. ಹುತ್ತಕ್ಕೆ ಯಾಕೆ ಕೈ ಹಾಕುತ್ತೀರಿ ಎನ್ನುತ್ತಾರೆ ಅವರು.

ಇದನ್ನು ಅಜ್ಞಾನ ಎಂದು ಒಂದೇ ಏಟಿಗೆ ತಳ್ಳಿಹಾಕುವವರನ್ನು ಕಂಡರೆ ನಮಗೆ ಸ್ವಲ್ಪ ಸಿಟ್ಟು ಬರುತ್ತದೆ. ಈ ಮಾತಿನ ಹಿಂದೆ ಕಣ್ಣಾರೆ ಕಂಡದ್ದಿದೆ. ಒಂದೆರಡು ವರ್ಷ ಮುಚ್ಚಿಟ್ಟುಕೊಂಡ ಗಂಟನ್ನು ಕೊನೆಗೆ ದೊಡ್ಡಾಸ್ಪತ್ರೆಗೆ ಒಯ್ದರು, ಸೂಜಿ ಹಾಕಿದರು, ಆರು ತಿಂಗಳಲ್ಲಿ ಹೆಂಗಸು ತೀರಿಕೊಂಡಳು. ನೋಡಿದವರಿಗೆ ಸೂಜಿ ಕಂಡಿತು, ಅದಕ್ಕಿಂತ ಹಿಂದಿನ ಎರಡು ವರ್ಷ ಕಾಣಲಿಲ್ಲ. ಜೊತೆಗೆ ಇನ್ನೊಂದು ತರ್ಕವೂ ಇದರಲ್ಲಿ ಸೇರಿಕೊಂಡಿದೆ. ಗಟ್ಟಿಯಾದದ್ದು ಚಲಿಸುವುದಿಲ್ಲ ಎಂಬ ತರ್ಕ. ಕಲ್ಲು ಇಟ್ಟಲ್ಲೇ ಇರುತ್ತದೆ, ನೀರು ಹರಿಯುತ್ತದೆ. ಕಲ್ಲಿನ ಹಾಗಿರುವ ಗಂಟು ಇದ್ದಲ್ಲೇ ಇರುತ್ತದಲ್ಲವೇ?

ಈ ತರ್ಕ ಎಲ್ಲಿ ತಪ್ಪುತ್ತದೆ ಎಂದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ಭೌತಶಾಸ್ತ್ರ. ಕಥೆ ಬರೆಯುವವರಿಗೆ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಉತ್ತರ ಮುಂದೆ ಬರುತ್ತದೆ.

ಉರ್ದು ಶಾಲೆಯಲ್ಲಿ ನಾವು ಕಲಿತ ಪದ 'ಸರತಾನ್'. ಅರಬಿಯಿಂದ ಬಂದ ಪದ, ಅರ್ಥ ಏಡಿ. ಮುಂದೆ ಕನ್ನಡ ಶಾಲೆಗೆ ಬಂದಾಗ ಪಂಚಾಂಗದ ಕರ್ಕಾಟಕ ರಾಶಿಯೂ ಏಡಿಯೇ ಎಂದು ತಿಳಿಯಿತು. ಗ್ರೀಕರ 'ಕಾರ್ಕಿನೋಸ್', ಲ್ಯಾಟಿನ್ನಿನ 'ಕ್ಯಾನ್ಸರ್' ಎಲ್ಲವೂ ಅದೇ ಪ್ರಾಣಿ. ಗಂಟಿನ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲಿನಂತೆ ಕಂಡವು, ಹಿಡಿದದ್ದನ್ನು ಬಿಡದ ಗುಣವೂ ಏಡಿಯದೇ ಅನ್ನಿಸಿತು. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್-ಖಾನೂನ್' ಗ್ರಂಥದಲ್ಲಿ ಸರತಾನನ್ನೂ, ಸುಮ್ಮನೆ ಗಟ್ಟಿಯಾಗಿ ಕೂತ ಇನ್ನೊಂದು ಬಗೆಯ ಬಾವನ್ನೂ ಬೇರೆ ಬೇರೆಯಾಗಿ ವಿವರಿಸಿದರು. ಅಂದಲೂಸಿನ ಶಸ್ತ್ರವೈದ್ಯ ಅಲ್-ಝಹ್ರಾವಿಯಂತೂ ಗಂಟು ಚಿಕ್ಕದಿದ್ದಾಗ, ಪೂರ್ತಿ ತೆಗೆಯಬಹುದಾದ ಜಾಗದಲ್ಲಿದ್ದಾಗ ಕತ್ತರಿಸಿ, ಹಳೆಯದಾಗಿ ದೊಡ್ಡದಾದ ಮೇಲೆ ಹತ್ತಿರ ಹೋಗಬೇಡಿ ಎಂಬರ್ಥದ ಸಲಹೆ ಕೊಟ್ಟರು. ದೊಡ್ಡದನ್ನು ತಾವು ಗುಣಪಡಿಸಲಾಗಲಿಲ್ಲ ಎಂದು ಬರೆದಿಡುವ ಪ್ರಾಮಾಣಿಕತೆಯೂ ಅವರಿಗಿತ್ತು. ನಮ್ಮ ಮೊಹಲ್ಲಾದ ಮಾತು ಈ ಸಲಹೆಯ ಎರಡನೆಯ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದೆ ಎಂದು ನಮಗೆ ಎಷ್ಟೋ ಸಲ ಅನ್ನಿಸಿದೆ.

ಅವರೆಲ್ಲರ ಬಳಿ ಇದ್ದ ಉಪಕರಣ ಒಂದೇ, ಬೆರಳು. ಗಂಟು ಸುತ್ತಲಿನ ಮಾಂಸಕ್ಕಿಂತ ಗಟ್ಟಿಯಾಗಿದೆ ಎಂದು ಬೆರಳಿಗೆ ತಿಳಿಯುತ್ತದೆ. ಆದರೆ ಅದು ಯಾಕೆ ಗಟ್ಟಿ? ಕ್ಯಾನ್ಸರ್ ಕೋಶಗಳೇ ಗಟ್ಟಿ ಇರಬೇಕು ಎಂದು ನಾವೂ ಅಂದುಕೊಂಡಿದ್ದೆವು, ಬಹುಪಾಲು ಜನ ಹಾಗೇ ಅಂದುಕೊಳ್ಳುತ್ತಾರೆ. ವಿಷಯ ಹಾಗಿಲ್ಲ. ಗಟ್ಟಿಯಾಗುವುದು ಕೋಶಗಳ ಸುತ್ತಲಿನ ಹಂದರ. ನಮ್ಮ ಅಂಗಾಂಗಗಳಲ್ಲಿ ಜೀವಕೋಶಗಳು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಬಲೆಯಲ್ಲಿ ಕೂತಿರುತ್ತವೆ, ಹಗ್ಗದ ಮಂಚದ ಮೇಲೆ ಮಕ್ಕಳು ಮಲಗಿದ ಹಾಗೆ. ಗಂಟು ಬೆಳೆಯುವಾಗ ಪಕ್ಕದ ಸಾಮಾನ್ಯ ಕೋಶಗಳು ಕೂಡ ಪ್ರಚೋದನೆಗೊಂಡು ಅತಿಯಾಗಿ ಕೊಲಾಜೆನ್ ನೇಯುತ್ತವೆ. ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಆ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕುತ್ತದೆ. ಜೋತುಬಿದ್ದ ಮಂಚದ ಹಗ್ಗವನ್ನು ಎಳೆದು ಬಿಗಿ ಮಾಡಿದಂತಾಗುತ್ತದೆ.

ಅಮೆರಿಕದ ವಲೇರಿ ವೀವರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳ ಸ್ತನದ ಗಂಟು ಆರೋಗ್ಯದ ಅಂಗಾಂಶಕ್ಕಿಂತ 20 ಪಟ್ಟಿಗೂ ಹೆಚ್ಚು ಗಟ್ಟಿಯಾಗಿತ್ತು. ನಮ್ಮನ್ನು ಹೆಚ್ಚು ಕಾಡಿದ್ದು ಅದೇ ಅಧ್ಯಯನದ ಇನ್ನೊಂದು ಭಾಗ. ಸ್ತನದ ಸಾಮಾನ್ಯ ಕೋಶಗಳನ್ನು ಮೆತ್ತನೆಯ ಜೆಲ್‌ನಲ್ಲಿ ಬೆಳೆಸಿದರೆ ಅವು ಅಚ್ಚುಕಟ್ಟಾಗಿ ದುಂಡಗೆ, ನಡುವೆ ಟೊಳ್ಳು ಬಿಟ್ಟುಕೊಂಡು, ಹಾಲಿನ ಗ್ರಂಥಿಯಲ್ಲಿ ಇರುವಂತೆಯೇ ಕೂರುತ್ತವೆ. ಅವೇ ಕೋಶಗಳನ್ನು ಗಟ್ಟಿ ಜೆಲ್‌ನಲ್ಲಿ ಬೆಳೆಸಿದರೆ ಶಿಸ್ತು ಕೆಡುತ್ತದೆ, ದುಂಡಗಿನ ಆಕಾರ ಹೋಗುತ್ತದೆ, ಗಂಟಿನ ಕೋಶಗಳಂತೆ ಅಡ್ಡಾದಿಡ್ಡಿ ಬೆಳೆಯತೊಡಗುತ್ತವೆ. ಬದಲಾದದ್ದು ಹಾಸಿಗೆಯ ಗಡಸುತನ ಮಾತ್ರ. ಕೋಶಗಳಿಗೆ ಕೈಯಂಥ ಅಂಗಗಳಿವೆ. ಅವು ಸುತ್ತಲಿನ ಎಳೆಯನ್ನು ಹಿಡಿದು ಎಳೆದು ನೋಡುತ್ತವೆ. ಎಳೆ ಜಗ್ಗಿದರೆ ಸುಮ್ಮನಾಗುತ್ತವೆ, ಜಗ್ಗದಿದ್ದರೆ ಇನ್ನೂ ಜೋರಾಗಿ ಎಳೆಯುತ್ತವೆ. ಆ ಎಳೆತವೇ ಒಳಗೆ ಬೆಳೆಯುವ, ಮುನ್ನುಗ್ಗುವ ಸಂದೇಶಗಳನ್ನು ಎಬ್ಬಿಸುತ್ತದೆ. ಅಂದರೆ ಹಂದರ ಬಿಗಿಯಾದಷ್ಟೂ ಕೋಶ ಕೆರಳುತ್ತದೆ, ಕೋಶ ಕೆರಳಿದಷ್ಟೂ ಹಂದರ ಬಿಗಿಯಾಗುತ್ತದೆ.

ಎಳೆಗಳು ಮೊದಲು ಗಂಟಿನ ಸುತ್ತ ಸುರುಳಿಯಾಗಿ, ಬೇಲಿಯ ಹಾಗೆ ಇರುತ್ತವೆ. ಮುಂದೆ ಕೆಲವು ಕಡೆ ಅವು ತಿರುಗಿ ಗಂಟಿನ ಅಂಚಿನಿಂದ ಹೊರಮುಖವಾಗಿ, ಚಕ್ರದ ಅರಕಾಲುಗಳಂತೆ ನೇರ ನಿಲ್ಲುತ್ತವೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೀಲಿ ಮತ್ತು ಸಂಗಡಿಗರು 2006ರಲ್ಲಿ ಇದನ್ನು ತೋರಿಸಿಕೊಟ್ಟರು. ಕೋಶಗಳು ಆ ನೇರ ಎಳೆಗಳನ್ನು ಹಿಡಿದು ಹೊರಟುಬಿಡುತ್ತವೆ. ಬೆರಳಿಗೆ ತಾಗುವ ಗಟ್ಟಿತನ ನಿದ್ದೆಯ ಲಕ್ಷಣವಲ್ಲ, ಒಳಗೆ ರಸ್ತೆ ಕೆಲಸ ನಡೆದಿದೆ ಎಂಬುದರ ಲಕ್ಷಣ.

ಇನ್ನು ಹೊರಡುವ ಕೋಶದ ವಿಚಾರ. 2007ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೋಗಿಗಳ ಎದೆಗೂಡಿನಲ್ಲಿ ತುಂಬಿದ ನೀರಿನಿಂದ ಜೀವಂತ ಕೋಶಗಳನ್ನು ತೆಗೆದು, ಅತಿ ಸೂಕ್ಷ್ಮ ಮೊನೆಯೊಂದರಿಂದ ಒತ್ತಿ ನೋಡಿದರು. ಮಾವಿನಹಣ್ಣು ಕೊಳ್ಳುವಾಗ ನಾವು ಹೆಬ್ಬೆರಳಿನಿಂದ ಅದುಮಿ ನೋಡುವುದಿಲ್ಲವೇ, ಹಾಗೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳ್ಳೆಯ ಕೋಶ ಯಾವುದು, ಹರಡಲು ಹೊರಟ ಕ್ಯಾನ್ಸರ್ ಕೋಶ ಯಾವುದು ಎಂದು ರೂಪದಿಂದ ಹೇಳುವುದು ಕಷ್ಟವಾಗಿತ್ತು. ಅದುಮಿದಾಗ ಗುಟ್ಟು ರಟ್ಟಾಯಿತು. ಹರಡುವ ಕೋಶಗಳು 70%ಗಿಂತ ಹೆಚ್ಚು ಮೆತ್ತಗಿದ್ದವು. ಅದಕ್ಕೂ ಎರಡು ವರ್ಷ ಮುಂಚೆ, 2005ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನ ಯೋಖೆನ್ ಗುಕ್ ಮತ್ತು ಯೋಸೆಫ್ ಕೇಸ್ ಎದುರುಬದುರಾದ ಎರಡು ಲೇಸರ್ ಕಿರಣಗಳ ನಡುವೆ ಕೋಶವನ್ನು ಹಿಡಿದು ಬೆಳಕಿನಿಂದಲೇ ಎಳೆದು ನೋಡಿದ್ದರು. ಸ್ತನದ ಸಾಮಾನ್ಯ ಕೋಶ ಕಡಿಮೆ ಹಿಗ್ಗಿತು, ಕ್ಯಾನ್ಸರ್ ಕೋಶ ಹೆಚ್ಚು, ಹರಡುವ ಶಕ್ತಿ ಹೆಚ್ಚಿದ್ದ ಕೋಶ ಇನ್ನೂ ಹೆಚ್ಚು. ಮುಂದೆ 2022ರಲ್ಲಿ ಕೇಸ್ ಅವರ ಬಳಗ ರೋಗಿಗಳಿಂದ ತೆಗೆದ ಸ್ತನ ಮತ್ತು ಗರ್ಭಕಂಠದ ಗಂಟುಗಳನ್ನೇ ಪರೀಕ್ಷಿಸಿ, ಗಟ್ಟಿ ಗಂಟಿನೊಳಗೆ ಮೆತ್ತನೆಯ ಕೋಶಗಳಿವೆ ಎಂದು ವರದಿ ಮಾಡಿತು.

ಹೀಗಿದೆ ವಿಚಿತ್ರ. ಹೊರಗೆ ಕಲ್ಲು, ಒಳಗೆ ಬೆಣ್ಣೆ. ಕೋಶದೊಳಗೂ ಆಕ್ಟಿನ್ ಮುಂತಾದ ಎಳೆಗಳ ಒಂದು ಚಪ್ಪರವಿರುತ್ತದೆ, ಅದರಿಂದಲೇ ಕೋಶಕ್ಕೆ ಆಕಾರ, ಬಿಗಿ. ಕ್ಯಾನ್ಸರ್ ಕೋಶದಲ್ಲಿ ಈ ಚಪ್ಪರ ಸಡಿಲಗೊಂಡು ಬೇಕಾದಂತೆ ಬದಲಾಗುತ್ತದೆ. ಹಾಗೆಂದು ಮೆತ್ತಗಿದ್ದದ್ದೆಲ್ಲ ಅಪಾಯ, ಗಟ್ಟಿಯಾದದ್ದೆಲ್ಲ ಕ್ಷೇಮ ಎಂದು ಸೂತ್ರ ಮಾಡಿಕೊಳ್ಳುವಂತಿಲ್ಲ. ಅಳೆಯುವ ಬಗೆ ಬದಲಾದರೆ ಅಂಕಿ ಬದಲಾಗುತ್ತದೆ. ಮುನ್ನುಗ್ಗುವ ಕೋಶ ಸಂದಿಯಲ್ಲಿ ನುಸುಳುವಾಗ ಮೆತ್ತಗಾಗಬೇಕು, ಎಳೆ ಹಿಡಿದು ಮೈಯನ್ನು ಎಳೆದುಕೊಳ್ಳುವಾಗ ಬಿಗಿಯಾಗಬೇಕು. ಅದರ ಜಾಣ್ಮೆ ಇರುವುದು ಈ ಹೊಂದಿಕೆಯಲ್ಲಿ.

ಆದರೂ ಕೋಶದೊಳಗೆ ಒಂದು ಗಟ್ಟಿ ಕಾಳಿದೆ, ಅದು ನ್ಯೂಕ್ಲಿಯಸ್. ವಂಶವಾಹಿಗಳೆಲ್ಲ ಅದರೊಳಗೆ ಮಡಚಿ ಇಟ್ಟಿರುತ್ತವೆ. ಕೋಶದ ಉಳಿದ ಮೈ ಎಷ್ಟೇ ಸಣ್ಣ ಸಂದಿಯಲ್ಲಿ ತೂರಿದರೂ ಈ ಕಾಳು ತೂರಬೇಕಲ್ಲ! ಸೂಜಿಯ ಕಣ್ಣಿನಲ್ಲಿ ಒಂಟೆ ನುಗ್ಗುವ ಉಪಮೆಯನ್ನು ಕುರ್‌ಆನ್ ಓದಿದವರೂ ಬೈಬಲ್ ಓದಿದವರೂ ಬಲ್ಲರು. ಅಸಾಧ್ಯಕ್ಕೆ ಕೊಟ್ಟ ಉಪಮೆ ಅದು. ನೆದರ್ಲೆಂಡಿನ ಕತರೀನಾ ವೋಲ್ಫ್ ಮತ್ತು ಪೀಟರ್ ಫ್ರೀಡ್ಲ್ 2013ರಲ್ಲಿ ಈ ಮಿತಿಯನ್ನು ಅಳೆದರು. ನ್ಯೂಕ್ಲಿಯಸ್ಸಿನ ಅಡ್ಡಳತೆಯ ವಿಸ್ತೀರ್ಣದಲ್ಲಿ ಸುಮಾರು ಹತ್ತನೆಯ ಒಂದು ಪಾಲಿನಷ್ಟು ರಂಧ್ರ ಸಿಕ್ಕರೆ ಕೋಶ ಹೇಗೋ ಹಿಸುಕಿಕೊಂಡು ಪಾರಾಗುತ್ತದೆ. ಅದಕ್ಕಿಂತ ಕಿರಿದಾದರೆ ಸಿಕ್ಕಿಕೊಳ್ಳುತ್ತದೆ, ಅಥವಾ ಕಿಣ್ವಗಳಿಂದ ಎಳೆಗಳನ್ನು ಕತ್ತರಿಸಿ ದಾರಿ ಅಗಲ ಮಾಡಿಕೊಳ್ಳಬೇಕಾಗುತ್ತದೆ. 2016ರಲ್ಲಿ ಪ್ಯಾರಿಸ್ಸಿನ ಮತ್ತು ಅಮೆರಿಕದ ಕಾರ್ನೆಲ್ಲಿನ ಎರಡು ತಂಡಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೀಗೆ ಹಿಸುಕಿಕೊಳ್ಳುವಾಗ ನ್ಯೂಕ್ಲಿಯಸ್ಸಿನ ಪೊರೆಯೇ ಹರಿಯುತ್ತದೆ, ಒಳಗಿನ ಡಿಎನ್ಎಗೂ ಪೆಟ್ಟಾಗುತ್ತದೆ, ಆದರೂ ಕೋಶ ಪೊರೆಗೆ ತೇಪೆ ಹಾಕಿಕೊಂಡು ಬದುಕುತ್ತದೆ ಎಂದು ತೋರಿಸಿದವು. ಪೆಟ್ಟು ತಿಂದ ವಂಶವಾಹಿಗಳಲ್ಲಿ ಹೊಸ ತಪ್ಪುಗಳು ಹುಟ್ಟಬಹುದು. ಪ್ರಯಾಣವೇ ಪ್ರಯಾಣಿಕನನ್ನು ಬದಲಾಯಿಸಿಬಿಡಬಹುದು. ಇದನ್ನು ಓದಿದ ರಾತ್ರಿ ನಮಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಖಾಲಾ ನೆನಪಾಗಿದ್ದರು. ನಮ್ಮ ಅಮ್ಮಿಯ ತಂಗಿ, ದಾವಣಗೆರೆಯಲ್ಲಿ ಹೊಲಿಗೆ ಮಾಡಿ ಮೂರು ಮಕ್ಕಳನ್ನು ಓದಿಸಿದವರು. ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ಅದರಲ್ಲಿ ಹತ್ತಿ ಎಷ್ಟು, ಟೆರಿಕಾಟ್ ಎಷ್ಟು ಎಂದು ಹೇಳುತ್ತಿದ್ದರು, ಅಂಗಡಿಯವರು ಸುಳ್ಳು ಹೇಳುವ ಧೈರ್ಯ ಮಾಡುತ್ತಿರಲಿಲ್ಲ. 2011ರ ರಂಜಾನಿನಲ್ಲಿ ನಾವು ಹೋಗಿದ್ದಾಗ ಕೋಣೆಯ ಬಾಗಿಲು ಹಾಕಿ ನಮ್ಮ ಕೈ ಹಿಡಿದು ಎಡ ಎದೆಯ ಮೇಲೆ ಇಟ್ಟುಕೊಂಡರು. ಚರ್ಮದ ಕೆಳಗೆ ಹುಣಸೆಬೀಜವನ್ನು ಹೊಲಿದಿಟ್ಟ ಹಾಗಿತ್ತು. ಒತ್ತಿದರೆ ಜಾರುತ್ತಿರಲಿಲ್ಲ.

'ಎಷ್ಟು ದಿನವಾಯಿತು ಖಾಲಾ?'

'ಹನ್ನೊಂದು ತಿಂಗಳು ಬೇಟಿ. ನೋವಿಲ್ಲ. ನೋವಿದ್ದರೆ ಹೇಳುತ್ತಿದ್ದೆ.'

ಹನ್ನೊಂದು ತಿಂಗಳು ಆ ಬೆರಳುಗಳು ದಿನವೂ ಅದನ್ನು ಮುಟ್ಟಿ ನೋಡಿದ್ದವು. ಅವರಿಗೆ ಗೊತ್ತಿರಲಿಲ್ಲ ಎಂದು ಹೇಳಲು ನಾವು ತಯಾರಿಲ್ಲ. ಬೆರಳು ಓದಿತ್ತು, ಓದಿದ್ದಕ್ಕೆ ಅರ್ಥ ಹೇಳುವವರು ಇರಲಿಲ್ಲ. ಅರ್ಥ ಹೇಳಿದ್ದು ಎಣ್ಣೆ ಕಾಯಿಸಿ ಮಾಲೀಶು ಮಾಡುವ ಒಬ್ಬ ಹೆಂಗಸು. ಗಟ್ಟಿಯಾದದ್ದನ್ನು ಕರಗಿಸಬೇಕು ಎಂಬುದು ಆಕೆಯ ಚಿಕಿತ್ಸೆ. ಗಂಡು ಡಾಕ್ಟರಿಗೆ ತೋರಿಸುವ ನಾಚಿಕೆ ಒಂದು ಕಡೆ, ಮಗಳ ನಿಕಾಹ್ ಮುಗಿಯಲಿ ಎಂಬುದು ಇನ್ನೊಂದು ಕಡೆ, ಎಲ್ಲಕ್ಕಿಂತ ಮೇಲೆ ಆ ಸೂಜಿಯ ಭಯ. ಅದೇ ವಾರ ಹಟ ಹಿಡಿದು ಕರೆದುಕೊಂಡು ಹೋದೆವು. ಅಷ್ಟರಲ್ಲಿ ಅದು ಬೆನ್ನುಮೂಳೆಗೆ ಹೋಗಿ ಆಗಿತ್ತು. ಸೂಜಿ ಹಾಕುವ ಮೊದಲೇ ತೆಗೆದ ಸ್ಕ್ಯಾನಿನಲ್ಲಿ ಅದು ಕಾಣಿಸಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ. 2014ರಲ್ಲಿ ಖಾಲಾ ತೀರಿಕೊಂಡ ಮೇಲೆ ಮಯ್ಯತ್ತಿಗೆ ಬಂದವರಲ್ಲಿ ಅರ್ಧ ಜನ, ಸೂಜಿ ಹಾಕಿಸಬಾರದಿತ್ತು ಎಂದೇ ಹೇಳಿ ಹೋದರು.

ಸೂಜಿ ಪರೀಕ್ಷೆಯ ದಾರಿಯಲ್ಲಿ ಕೆಲವು ಕೋಶಗಳು ಉದುರುವುದುಂಟು, ಅದನ್ನು ವೈದ್ಯರೇ ಮುಚ್ಚಿಡುವುದಿಲ್ಲ. ಆದರೆ ಅದರಿಂದ ರೋಗ ಬೆಳೆಯುವುದು ಅಪರೂಪ. ಪರೀಕ್ಷೆಯಿಲ್ಲದೆ ಯಾವ ಔಷಧಿ, ಯಾವ ಶಸ್ತ್ರಕ್ರಿಯೆ ಎಂದು ತೀರ್ಮಾನಿಸುವುದಾದರೂ ಹೇಗೆ? ನಮಗೆ ಸಮಾಧಾನ ಕೊಟ್ಟದ್ದು ಮಾತ್ರ ಮೇಲೆ ಹೇಳಿದ ಭೌತಶಾಸ್ತ್ರ. ತನ್ನ ಮೈಯನ್ನು ತಾನೇ ಮೆತ್ತಗೆ ಮಾಡಿಕೊಂಡು, ಹತ್ತನೆಯ ಒಂದು ಪಾಲಿನ ರಂಧ್ರದಲ್ಲಿ ತೂರಿ, ಹರಿದ ಪೊರೆಗೆ ತೇಪೆ ಹಾಕಿಕೊಂಡು ನಡೆಯಬಲ್ಲ ಕೋಶಕ್ಕೆ ಡಾಕ್ಟರ ಸೂಜಿ ಬಂದು ಬಾಗಿಲು ತೆರೆಯಬೇಕಾಗಿಲ್ಲ. ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ಖಾಲಾ ಅವರ ಹನ್ನೊಂದು ತಿಂಗಳಲ್ಲಿ ಅದು ಕಾದಿರಲೂ ಇಲ್ಲ.

ಹಾಗಾದರೆ ಹಂದರವನ್ನೇ ಸಡಿಲಿಸಿದರೆ, ಗೋಡೆಯನ್ನೇ ಕೆಡವಿದರೆ? ಮಾಲೀಶಿನ ಹೆಂಗಸಿನ ಉಪಾಯವೇ ದೊಡ್ಡ ವಿಜ್ಞಾನಿಗಳಿಗೂ ಹೊಳೆದಿತ್ತು ಎಂದರೆ ತಮಾಷೆಯಲ್ಲ. ಎಳೆಗಳನ್ನು ಬಿಗಿಯುವ ಕಿಣ್ವಗಳ ಗುಂಪಿಗೆ ಸೇರಿದ ಒಂದನ್ನು ತಡೆಯಲು ಸಿಮ್ಟುಝುಮಾಬ್ ಎಂಬ ಔಷಧಿ ತಯಾರಾಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ರೋಗಿಗಳ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು, ಪ್ರಯೋಜನ ಕಾಣಲಿಲ್ಲ. 2014ರಲ್ಲಿ ಇಲಿಗಳ ಮೇಲೆ ಮಾಡಿದ ಎರಡು ಅಧ್ಯಯನಗಳಂತೂ ಎಚ್ಚರಿಕೆಯ ಗಂಟೆಯನ್ನೇ ಬಾರಿಸಿದವು. ಅದೇ ಗ್ರಂಥಿಯ ಗಂಟಿನ ಸುತ್ತಲಿನ ಹಂದರ ನೇಯುವ ಕೋಶಗಳನ್ನು ಕಡಿಮೆ ಮಾಡಿದಾಗ ಕ್ಯಾನ್ಸರ್ ಇನ್ನೂ ಉಗ್ರವಾಯಿತು. ದಾರಿಯಾಗಿದ್ದ ಎಳೆಗಳು ಒಂದು ಮಟ್ಟಿಗೆ ತಡೆಬೇಲಿಯೂ ಆಗಿದ್ದವು. ಇನ್ನೊಂದು ದಿಕ್ಕಿನ ಪ್ರಯತ್ನ ಸ್ವಿಟ್ಜರ್ಲೆಂಡಿನದು. ದೇಹದ ಕಾವಲುಗಾರ ಟಿ-ಕೋಶಗಳು ಕ್ಯಾನ್ಸರ್ ಕೋಶವನ್ನು ಕೊಲ್ಲಲು ಅದನ್ನು ಒತ್ತಿ ಹಿಡಿಯಬೇಕು, ಮೆತ್ತಗಿದ್ದರೆ ಆ ಹಿಡಿತದ ಬಲ ಸಾಲುವುದಿಲ್ಲ. ಕ್ಯಾನ್ಸರ್ ಕೋಶದ ಪೊರೆಯಲ್ಲಿನ ಕೊಲೆಸ್ಟರಾಲ್ ತೆಗೆದು ಅದನ್ನು ಗಟ್ಟಿ ಮಾಡಿದರೆ ಟಿ-ಕೋಶಗಳ ಕೆಲಸ ಸಲೀಸಾಗುತ್ತದೆ ಎಂದು 2021ರಲ್ಲಿ ಇಲಿಗಳಲ್ಲಿ ತೋರಿಸಿದರು. ಇದನ್ನು ನಮ್ಮ ಭಾಭಿಗೆ ಹೇಳಿದ್ದೇ ತಪ್ಪಾಯಿತೇನೋ, ಬಿರಿಯಾನಿಯ ತುಪ್ಪ ಬಿಟ್ಟರೆ ಕ್ಯಾನ್ಸರ್ ಬರುವುದಿಲ್ಲವಂತೆ ಎಂದು ಮೊಹಲ್ಲಾದಲ್ಲಿ ಸುದ್ದಿ ಹಬ್ಬಿತು. ಊಟದ ಕೊಲೆಸ್ಟರಾಲಿಗೂ ಪ್ರಯೋಗಶಾಲೆಯ ಈ ಕೆಲಸಕ್ಕೂ ಅಂಥ ನೇರ ಸಂಬಂಧವಿಲ್ಲ ಎಂದು ಮನೆಮನೆಗೆ ಹೋಗಿ ಹೇಳಬೇಕಾಯಿತು.

ಔಷಧಿಗಳ ಕಥೆ ಹೀಗೆ ಕುಂಟುತ್ತಾ ಸಾಗಿರುವಾಗ, ಗಟ್ಟಿತನವನ್ನು ಗುರುತಿಸುವ ಕೆಲಸ ಮಾತ್ರ ಫಲ ಕೊಟ್ಟಿದೆ. ಬೆರಳಿನ ಕೆಲಸವನ್ನೇ ಮಾಡುವ ಇಲಾಸ್ಟೋಗ್ರಫಿ ಎಂಬ ಅಲ್ಟ್ರಾಸೌಂಡ್ ವಿಧಾನ ಬಂದಿದೆ, ಅದು ಅಂಗಾಂಶ ಎಷ್ಟು ಬಿಗಿ ಎಂದು ಚಿತ್ರವಾಗಿ ತೋರಿಸುತ್ತದೆ. ಆದರೆ ನಮಗೆ ಹೆಚ್ಚು ಹತ್ತಿರದ್ದು ಅನ್ನಿಸುವುದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ ಅಧ್ಯಯನ. 35ರಿಂದ 64 ವಯಸ್ಸಿನ 1,51,538 ಹೆಂಗಸರು ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ, ಕೈಯಿಂದ ಮುಟ್ಟಿ ಸ್ತನ ಪರೀಕ್ಷೆ ಮಾಡಿದರು. ಯಂತ್ರವಿಲ್ಲ, ಬರೀ ಬೆರಳು. 2021ರಲ್ಲಿ ಇಪ್ಪತ್ತು ವರ್ಷದ ಫಲಿತಾಂಶ ಹೊರಬಂತು. ಮುಟ್ಟಿ ಪರೀಕ್ಷಿಸಿದ ಗುಂಪಿನಲ್ಲಿ ಪತ್ತೆಯಾದ ಸ್ತನ ಕ್ಯಾನ್ಸರುಗಳಲ್ಲಿ ಮೂರು ಮತ್ತು ನಾಲ್ಕನೆಯ ಹಂತದವು 37%, ಇನ್ನೊಂದು ಗುಂಪಿನಲ್ಲಿ 47%. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು 30% ಕಡಿಮೆಯಾಯಿತು. 50ರ ಒಳಗಿನವರಲ್ಲಿ ಸಾವು ಕಡಿಮೆಯಾದದ್ದು ಕಾಣಲಿಲ್ಲ, ಅದನ್ನೂ ಅವರು ನೇರವಾಗಿಯೇ ಬರೆದಿದ್ದಾರೆ. ಖಾಲಾಗೆ ಆಗ 54.

ಗಂಟೆಲ್ಲ ಕ್ಯಾನ್ಸರ್ ಅಲ್ಲ, ಬಹುಪಾಲು ಅಲ್ಲವೇ ಅಲ್ಲ. ಖಾಲಾರ ಕಿರಿಯ ಮಗಳಿಗೆ 2022ರಲ್ಲಿ ಒಂದು ಗಂಟು ಬಂತು, ರಬ್ಬರಿನಂತೆ, ಒತ್ತಿದರೆ ಬೆರಳ ಕೆಳಗೆ ಜಾರಿ ಹೋಗುತ್ತಿತ್ತು. ಅಂಥವು ಸಾಮಾನ್ಯವಾಗಿ ನಿರುಪದ್ರವಿ. ಆದರೂ ಜಾರುತ್ತದೆ, ಜಾರುವುದಿಲ್ಲ ಎಂದು ಮನೆಯಲ್ಲೇ ಕೂತು ತೀರ್ಪು ಕೊಡುವಂತಿಲ್ಲ. ಅವಳು ತಡಮಾಡದೆ ಸೂಜಿ ಪರೀಕ್ಷೆ ಮಾಡಿಸಿಕೊಂಡಳು, ವರದಿ ಚೆನ್ನಾಗಿ ಬಂತು. ಆ ಹೊತ್ತಿಗೂ ಮನೆಯ ಹಿರಿಯರೊಬ್ಬರು 'ಸುಮ್ಮನಿದ್ದದ್ದನ್ನು ಕೆಣಕಿದೆಯಲ್ಲ' ಎಂದು ಗೊಣಗಿದ್ದರು.

30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಬೇಕೆಂದು ಕೇಂದ್ರ ಸರಕಾರದ ಮಾರ್ಗಸೂಚಿ 2016ರಿಂದ ಇದೆ. ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ಸ್ತನದಲ್ಲಿ ಗಂಟು ಇದೆಯೇ ಎಂಬ ಪ್ರಶ್ನೆಯೂ ಇದೆ. ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ ಆ ಪ್ರಶ್ನೆಯನ್ನು ಗಂಡಸರ ಎದುರು ಕೇಳಲು ಹಿಂಜರಿಯುತ್ತಿದ್ದಳು, ಕೇಳಿದರೂ ಎಲ್ಲರೂ ಇಲ್ಲ ಎನ್ನುತ್ತಿದ್ದರು. ಹೀಗಾಗಿ ಕಳೆದ ವರ್ಷದಿಂದ ಅವಳನ್ನು ಶುಕ್ರವಾರ, ಗಂಡಸರು ಜುಮ್ಮಾ ನಮಾಜಿಗೆ ಹೋದ ಹೊತ್ತಿನಲ್ಲಿ ನಮ್ಮ ಮನೆಗೆ ಬರಹೇಳುತ್ತಿದ್ದೇವೆ. ಮೊದಲ ಸಲ ಐದು ಜನ ಬಂದರು, ಮೂರನೆಯ ಸಲ ಹದಿನಾಲ್ಕು. ಹಿಂದಿನ ಬೀದಿಯ ಗೌರಮ್ಮನವರೂ ಸೊಸೆಯನ್ನು ಕರೆದುಕೊಂಡು ಬರುತ್ತಾರೆ. ಆಶಾ ನಮೂನೆ ತೆಗೆದು ಓದುತ್ತಾಳೆ, ನಾವು ಉರ್ದುವಿಗೆ ಬದಲಾಯಿಸಿ ಹೇಳುತ್ತೇವೆ. ಗಂಟಿನ ಸಾಲಿಗೆ ಬಂದಾಗ ಒಂದು ಮಾತನ್ನು ನಾವೇ ಸೇರಿಸುತ್ತೇವೆ: ನೋಯುತ್ತದೆಯೋ ಇಲ್ಲವೋ ಅದು ಬೇಡ, ಕೈಗೆ ಏನಾದರೂ ಹೊಸದಾಗಿ ತಾಗಿದೆಯೇ, ಅಷ್ಟು ಹೇಳಿ.